ಅಖ್ತರ್ ಬಾನು ತಿನ್ನದ ಮಂಡಕ್ಕಿ

“ಫಾತಿಹಾಕ್ಕೆ ಏನು ಬೇಕಾದ್ರೂ ಇಡು ಬೇಟಾ. ಮಂಡಕ್ಕಿ ಮಾತ್ರ ಇಡಬ್ಯಾಡ,” ಅಂದ ಮಕ್ತುಮ್ ಸಾಬ್.

ನೌಮಾನ್ ನಕ್ಕ. ಅವನು ಹರಿಹರದಲ್ಲಿ ತಾಯಿಯ ತವರಲ್ಲಿ ಬೆಳೆದವನು, ಅಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ದಾವಣಗೆರೆಯ ಈ ಮಂಡಕ್ಕಿ ಭಟ್ಟಿಗಳ ಓಣಿಗೆ ಬರುತ್ತಿದ್ದುದು ಹಬ್ಬಕ್ಕೊಮ್ಮೆ, ಅದೂ ಹೊಗೆಗೆ ಮೂಗು ಮುಚ್ಚಿಕೊಂಡು. ಈಗ ದಾದಿ, ಅಂದರೆ ಅಪ್ಪನ ತಾಯಿ, ಅಖ್ತರ್ ಬಾನು ಸತ್ತು ನಲವತ್ತನೇ ದಿನ. ಫಾತಿಹಾ ಮುಗಿಸಿ, ಅವಳ ಭಟ್ಟಿ ಮಾರುವ ಮಾತಾಡಿ, ಕತ್ತಲಾಗುವುದರೊಳಗೆ ವಾಪಸ್ ಹೋಗಬೇಕು. ಅಷ್ಟೇ ಅವನ ಲೆಕ್ಕ.

“ಚಾಚಾ, ಜೀವ ಇರೋತನಕ ಮಂಡಕ್ಕಿ ಹುರಿದ ಮುದುಕಿ. ಮತ್ತೇನು, ಪಿಜ್ಜಾ ತರಿಸ್ಲಾ?”

“ಹುರಿದ್ಲು. ಒಂದು ದಿನ ತಿಂದಿದ್ದು ನೋಡೀಯಾ?”

ನೌಮಾನ್ ನೋಡಿರಲಿಲ್ಲ. ಸತ್ತವರಿಗೆ ಇಷ್ಟವಾದದ್ದನ್ನು ತಟ್ಟೆಗಿಟ್ಟು, ಬಟ್ಟೆ ಮುಚ್ಚಿ ಓದಿಸುವುದು ಈ ಮನೆಯ ರೂಢಿ. ದಾದಿಗೆ ಏನಿಷ್ಟ ಎಂದರೆ ಈ ಮನೆಯ ಒಬ್ಬ ಗಂಡಸಿಗೂ ಗೊತ್ತಿಲ್ಲ. ಅವಳು ದುಡಿದದ್ದು ಉಂಡರು, ಉಟ್ಟರು, ಅವಳ ಬಾಯಿ ಏನು ಬೇಡುತ್ತದೆಂದು ಕೇಳಲಿಲ್ಲ. ಒಲೆಯ ಮುಂದೆ ಬಗ್ಗಿದ ಬೆನ್ನೊಂದನ್ನು ಬಿಟ್ಟು ಅವಳದೇನೂ ಯಾರ ನೆನಪಿನಲ್ಲೂ ಇಲ್ಲ.

ಮಕ್ತುಮ್ ಸಾಬ್ ಆ ಭಟ್ಟಿಯಲ್ಲೇ ಮುದುಕನಾದ ಆಳು. ದನಿ ತಗ್ಗಿಸಿದ.

“ನಿಮ್ಮ ದಾದಿ ಹರಿಹರದ ಹುಡುಗಿ. ನಿಮ್ಮಪ್ಪ ಇನ್ನಾ ಕೈಕೂಸು, ಗಂಡ ಸತ್ತ. ತವರಿಗೆ ಹೋಗ್ತೀನಿ ಅಂತ ಗಂಟು ಕಟ್ಟಿದ್ಲು. ಇಂಥ ಕೈ ಮತ್ತೆ ಸಿಗಲ್ಲ ಅಂತ ಅತ್ತೆಗೆ ಭಯ. ಹೊಳೆ ಆಚೆ ಒಬ್ಬ ಮಂತ್ರವಾದಿ ಇದ್ದ. ಅವನ ಹತ್ರ ಬೂದಿ ತಂದು, ಬಿಸಿ ಮಂಡಕ್ಕೀಲಿ ಕಲಸಿ, ‘ಹೋಗೋ ಮುಂದೆ ಒಂದು ತುತ್ತು ತಿನ್ನವ್ವ’ ಅಂತ ಕೈಯಾರೆ ಬಾಯಿಗಿಟ್ಲು. ಅವತ್ತಿಂದ ನಿಮ್ಮ ದಾದಿ ಓಣಿ ದಾಟಿದ್ರೆ ಬಾಯ್ತುಂಬ ಕಾದ ಮರಳು. ಅವಳವ್ವ ಹರಿಹರದಾಗೆ ಸತ್ತಾಗ ಮುಖ ನೋಡಾಕೂ ಹೋಗ್ಲಿಲ್ಲ. ಹೋಗಾಕೆ ಆಗ್ಲಿಲ್ಲ.”

ದಾವಣಗೆರೆಗೂ ಹರಿಹರಕ್ಕೂ ಎಷ್ಟು ದೂರ? ಬಸ್ಸು ಹತ್ತಿ ಕಣ್ಣು ಮುಚ್ಚುವಷ್ಟರಲ್ಲಿ ಇಳಿಯುವ ಜಾಗ. ಅಷ್ಟು ಹತ್ತಿರದ ತವರನ್ನು ಅವಳು ಮತ್ತೆಂದೂ ಕಾಣಲಿಲ್ಲ.

“ಆ ಮಾಟದ ಕಟ್ಟು ಅವಳ ಜೊತೆ ಮಣ್ಣಿಗೆ ಹೋಗೈತೆ. ಅವಳ ಹೆಸರಲ್ಲಿ ಮಂಡಕ್ಕಿ ಇಟ್ರೆ ಎದ್ದು ಬರುತ್ತೆ. ಇಟ್ಟವರನ್ನೇ ಹಿಡಿಯುತ್ತೆ. ಹಂಗಂತ ಅವಳೇ ನಂಗೆ ಹೇಳಿದ್ದು.”

“ಸೊಂಟ ನೋವಿಗೆ ಓಣಿ ದಾಟಾಕೆ ಆಗ್ದೆ ಒಂದು ಕತೆ ಕಟ್ಕಂಡಿದ್ಲು ಬಿಡು,” ಅಂದ ನೌಮಾನ್.

ಅಷ್ಟರಲ್ಲಿ ಅಕ್ಕ ನುಜತ್ ತಟ್ಟೆ ತಂದಳು. ದಾದಿಯ ಜೊತೆ ಉಳಿದು ಅವಳನ್ನು ನೋಡಿಕೊಂಡವಳು ಇವಳೊಬ್ಬಳೇ. ಬರುವ ತಿಂಗಳು ಅವಳ ನಿಕಾಹ್, ಗಂಡಿನ ಮನೆ ಹರಿಹರದಲ್ಲಿ. ತಟ್ಟೆಯಲ್ಲಿ ನೀರಲ್ಲಿ ನೆನೆಸಿ ಹೆಚ್ಚಿದ ಎಳೆ ಸೌತೆಕಾಯಿ.

“ಇದೇನು ಆಪಾ, ಮೇಕೆಗಾ?”

“ದಾದಿಗೆ ಇದೇ ಇಷ್ಟ. ತಣ್ಣಗಿರೋದು ಏನಿದ್ರೂ ಇಷ್ಟ. ನಿಂಗೇನು ಗೊತ್ತು, ಹೋಗು.”

ಅವಳು ನೀರು ತರಲು ತಿರುಗಿದಳು. ನೌಮಾನ್ ಭಟ್ಟಿಯ ಮೂಲೆಯ ಚೀಲದಿಂದ ಒಂದು ಬೊಗಸೆ ಮಂಡಕ್ಕಿ ಎತ್ತಿ ಸೌತೆಕಾಯಿಯ ಮೇಲೆ ಸುರಿದ. ಬಟ್ಟೆ ಮುಚ್ಚಿದ. ಮುದುಕ ಎಷ್ಟು ಹೆದರುತ್ತಾನೆ ನೋಡೋಣ ಎಂಬ ತಮಾಷೆ.

ಲೋಬಾನದ ಹೊಗೆ ಎದ್ದಿತು. ಮಕ್ತುಮ್ ಸಾಬ್ ಕಣ್ಣು ಮುಚ್ಚಿ ಓದಿದ. ಪಕ್ಕದ ಭಟ್ಟಿಯಲ್ಲಿ ಜರಡಿ ಆಡುವ ಸದ್ದು ನಿಂತಿತು. ಲೋಬಾನದ ವಾಸನೆಯ ಅಡಿಯಿಂದ ಬೇರೊಂದು ವಾಸನೆ ಬಂತು, ಕಾದ ಮರಳಿನದು, ಸುಟ್ಟ ಕೂದಲಿನದು. ದಾದಿಯ ಒಲೆ ಆರಿ ನಲವತ್ತು ದಿನವಾಗಿತ್ತು. ಅದರ ಬಾಯಲ್ಲಿ ಕೆಂಪಗೆ ಏನೋ ಉಸಿರಾಡಿತು.

ನೌಮಾನನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಾರುವ ಮಾತು ಇನ್ನೊಂದು ದಿನ ಆಡಿದರಾಯಿತು ಎಂದು ಬೈಕ್ ಹತ್ತಿದ. ಓಣಿಯ ತುದಿಗೆ ಬಂದಾಗ ನಾಲಿಗೆಯ ಮೇಲೆ ಕರಕರ ಎಂದಿತು. ಉಗುಳಿದ. ಮರಳು. ಮತ್ತೆ ಉಗುಳಿದ. ಗಂಟಲೊಳಗಿಂದ ಮರಳು ಉಕ್ಕಿತು, ಬಾಣಲೆಯಿಂದ ಆಗಷ್ಟೇ ತೆಗೆದಂತೆ ಸುಡುವ ಮರಳು. ವಸಡು ಬೆಂದಿತು. ಉಸಿರು ಸಿಕ್ಕಿಕೊಂಡಿತು. ಬೈಕ್ ಬಿತ್ತು. ತೆವಳುತ್ತ ಓಣಿಯ ಒಳಗೆ ಬಂದ. ಮರಳು ನಿಂತಿತು. ಎದ್ದು ಇನ್ನೊಮ್ಮೆ ಓಡಿದ. ಇನ್ನೊಮ್ಮೆ ಉಕ್ಕಿತು.

ಭಟ್ಟಿಗೆ ಬಂದು ಬಿದ್ದಾಗ ತುಟಿ ಬೊಬ್ಬೆ ಎದ್ದಿತ್ತು. ಮಕ್ತುಮ್ ಸಾಬ್ ಅವನ ಬಾಯಿ ನೋಡಿದ. ತಟ್ಟೆಯ ಬಟ್ಟೆ ಸರಿಸಿದ. ಸೌತೆಕಾಯಿ ಕರಕಲಾಗಿತ್ತು. ಮಂಡಕ್ಕಿ ಬೆಳ್ಳಗೆ ಹಾಗೇ ಇತ್ತು.

“ಯಾ ಅಲ್ಲಾ. ಇಟ್ಟುಬಿಟ್ಯಾ ಬೇಟಾ.”

“ಬಿಡ್ಸು ಚಾಚಾ. ಹೆಂಗಾದ್ರೂ ಬಿಡ್ಸು.”

“ಬಿಡ್ಸಾಕೆ ಬರಲ್ಲ. ಅತ್ತೆ ಕೈಯಾರೆ ತಿನ್ಸಿದ್ಕೆ ಸೊಸೆ ಮ್ಯಾಲೆ ಬಂತು. ದಾದಿಗೂ ದಾರಿ ಇತ್ತು. ಮನೇಲಿ ಇನ್ನೊಬ್ರ ಬಾಯಿಗೆ ಮಂಡಕ್ಕಿ ಕೈಯಾರೆ ಇಟ್ಟಿದ್ರೆ ಅವರ ಮ್ಯಾಲೆ ಹೋಗ್ತಿತ್ತು. ಇಡಲಿಲ್ಲ. ಮೊಮ್ಮಗಳು ಪಕ್ಕದಾಗೇ ಮಲಗ್ತಿದ್ಲು, ಆದ್ರೂ ಇಡಲಿಲ್ಲ. ನೀನೂ ಇಡಬ್ಯಾಡ. ಕೇಳ್ತಾ ಐತಾ ನಿಂಗೆ?”

ನೌಮಾನ್ ಅರ್ಧವನ್ನಷ್ಟೇ ಕೇಳಿಸಿಕೊಂಡ.

ನುಜತ್ ನೀರಿನ ಚೊಂಬು ಹಿಡಿದು ಓಡಿ ಬಂದಳು. “ನೌಮಾನ್, ಏನಾತೋ, ಬಾಯಿ ತೋರ್ಸು,” ಎಂದು ಅವನ ಮೇಲೆ ಬಗ್ಗಿದಳು. ಅವಳ ದುಪಟ್ಟಾ ಅವನ ಮುಖದ ಮೇಲೆ ಬಿತ್ತು. ಅವನ ಕೈ ತಟ್ಟೆಗೆ ಹೋಯಿತು. ಮುಷ್ಟಿ ತುಂಬಿತು. ಇನ್ನೊಂದು ಕೈ ಅವಳ ಕತ್ತು ಹಿಡಿಯಿತು. ಮುದುಕ ಬಿಡಿಸಲು ಬಂದ. ನೌಮಾನ್ ಅವನನ್ನು ಒದ್ದ. ಅವಳ ಹಲ್ಲುಗಳ ನಡುವೆ ತುರುಕಿದ. ಅಂಗೈಯಿಂದ ಬಾಯಿ ಒತ್ತಿ ಹಿಡಿದ. ಅವಳು ನುಂಗುವ ತನಕ ಹಿಡಿದ.

ಚೊಂಬು ಉರುಳಿತು. ಒಲೆ ಭಗ್ಗನೆ ಹತ್ತಿತು. ಯಾರೂ ಹಚ್ಚಿರಲಿಲ್ಲ.

ನುಜತ್ ತಮ್ಮನನ್ನು ನೋಡಿದಳು. ಬೈಯಲಿಲ್ಲ. ಒಲೆಯ ಮುಂದೆ ಹೋಗಿ ಕೂತಳು. ಬೆನ್ನು ತಾನಾಗೇ ಬಗ್ಗಿತು.

ನೌಮಾನ್ ಓಣಿ ದಾಟಿದ. ಬಾಯಿ ಖಾಲಿ ಇತ್ತು.

ನಿಕಾಹ್ ಮುರಿಯಿತು. ಭಟ್ಟಿ ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ನಡೆಯುತ್ತಿರುವ ಭಟ್ಟಿ ಯಾಕೆ ಮಾರಬೇಕು? ವರ್ಷ ತುಂಬುವುದರೊಳಗೆ ಹರಿಹರದಲ್ಲಿ ಅವನದೇ ಮದುವೆ ಆಯಿತು. ಊಟಕ್ಕೆ ಕೂತಾಗ ಹೊಸ ಹೆಂಡತಿ ಹುಮಾ ಕೇಳಿದಳು:

“ನಿಮ್ಮ ಅಕ್ಕ ಯಾಕ ಬರ್ಲಿಲ್ರಿ? ಇಲ್ಲೇ ಅಲ್ವಾ ದಾವಣಗೆರೆ?”

ಪಂಕ್ತಿಯವರೆಲ್ಲ ಅವನ ಕಡೆ ತಿರುಗಿದರು.

“ಅವಳಿಗೆ ಭಟ್ಟಿ ಅಂದ್ರೆ ಪ್ರಾಣ,” ಅಂದ ನೌಮಾನ್. “ನಮ್ಮ ದಾದೀನೂ ಹಂಗೇ ಇದ್ಲು.”

ಪುಣ್ಯವಂತ ಹೆಂಗಸರು ಎಂದು ಯಾರೋ ಅಂದರು. ಅವನು ಮಾಂಸದ ಇನ್ನೊಂದು ತುಂಡು ಬಡಿಸಿಕೊಂಡ.