ಅಜ್ಜನ ಬಾಯಿಗೆ ಬಾರದ ಮಾತು

"ಏನಂತಾರ ಹೇಳವಾ," ಎಂದು ಕಳಕಮ್ಮಜ್ಜಿ ಮೊಮ್ಮಗಳು ಶೇಖ್ರಿಯನ್ನು ಹೊರಸಿನ ಹತ್ತಿರ ತಳ್ಳಿದಳು. "ಮೂರು ವರ್ಷ ಉರ್ದು ಸಾಲಿ ಕಲ್ತೀದಿ. ನಿನಗಲ್ದ ಈ ಮನ್ಯಾಗ ಇನ್ಯಾರಿಗೆ ತಿಳೀತೈತಿ?"

ಹೊರಸಿನ ಮೇಲೆ ದೊಡ್ಡಬಸಪ್ಪಜ್ಜ ಒಂದೇ ಮಗ್ಗಲಲ್ಲಿ ಮಲಗಿದ್ದ. ಮೂರು ದಿನದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಅದರ ಜೊತೆಗೆ ಅವನ ಕನ್ನಡ ಎಲ್ಲಿ ಹೋಯಿತೋ ಏನೋ, ಬಾಯಿ ಬಿಟ್ಟರೆ ಬರೀ ಉರ್ದು.

ಆಗ ನಿಜಾಮರ ಆಳಿಕೆ. ಸಾಲಿಯೂ ಉರ್ದು, ಕಚೇರಿಯೂ ಉರ್ದು. ಅಜ್ಜ ಯಲಬುರ್ಗಾದ ಕಚೇರಿಯಲ್ಲಿ ಮೂವತ್ತು ವರ್ಷ ಜವಾನನಾಗಿದ್ದವನು. ಆದರೆ ಆ ಭಾಷೆಯನ್ನು ಒಂದು ದಿನವೂ ಮನೆಯ ಹೊಸ್ತಿಲು ದಾಟಿಸಿದವನಲ್ಲ.

"ಕರವಟ್... ಕರವಟ್," ಎಂದು ಅಜ್ಜ ಎಡಗೈಯಿಂದ ಹೊರಸು ಬಡಿದ.

ಶೇಖ್ರಿಗೆ ಆ ಪದ ಗೊತ್ತಿರಲಿಲ್ಲ. ಖರೇ ಹೇಳಬೇಕೆಂದರೆ ಸಾಲಿಯಲ್ಲಿ ಅವಳು ಯಾವಾಗಲೂ ಹಿಂದೆಯೇ. ಮಾಸ್ತರರು ಕೇಳಿದ್ದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ಉತ್ತರ ಹುಡುಕಿ, ಮತ್ತೆ ಉರ್ದು ಮಾಡುವಷ್ಟರಲ್ಲಿ ಪಕ್ಕದ ಬೆಂಚಿನವರು ಹೇಳಿ ಮುಗಿಸಿರುತ್ತಿದ್ದರು. ಆದರೆ ಮನೆಯಲ್ಲಿ ಈ ಹುಡುಗಿ "ಕ್ಲಾಸಿಗೆಲ್ಲ ನಾನೇ ಫಸ್ಟ್" ಎಂದು ಜಂಭ ಕೊಚ್ಚಿಕೊಂಡಿದ್ದಳಲ್ಲ!

"ಮಜ್ಜಿಗಿ ಬೇಕಂತ," ಎಂದುಬಿಟ್ಟಳು.

ಅಜ್ಜಿ ಲಗುಬಗೆಯಿಂದ ಮಜ್ಜಿಗೆ ತಂದಳು. ಅಜ್ಜ ಬಾಯಿ ಬಿಗಿಹಿಡಿದ. ಮಜ್ಜಿಗೆ ಗದ್ದದ ಮೇಲೆ ಹರಿಯಿತು. ಅವನ ಕಣ್ಣಲ್ಲಿ ನೀರು ಬಂತು.

"ಕೇಳಿದ್ದು ಕೊಟ್ರೂ ಬ್ಯಾಡಂತಾರ," ಎಂದಳು ಅವ್ವ. "ಮಾವಗ ತಲಿ ಕೆಟ್ಟೈತ್ರಿ ಅತ್ತಿ. ದೇವ್ರು ಹೇಳೂ ಹೊಳಿಯಮ್ಮನ್ನ ಕರಸಿ ತಾಯತ ಕಟ್ಟಸೋಣು."

"ಬ್ಯಾಡ, ಊರೆಲ್ಲ ಡಂಗುರ ಆಗ್ತೈತಿ. ನಿನ್ನ ಗಂಡ ಕೊಪ್ಪಳದಿಂದ ಡಾಕ್ಟರ್‌ನ ಕರ್ಕೊಂಡು ಬರ್ಲಿ." ಅಜ್ಜಿಯ ದನಿ ಒಡೆಯಿತು. "ನಲವತ್ತು ವರ್ಷ ಬಾಳೇವು ಮಾಡೇನಿ. ಈಗ ನನ್ನ ಕೂಡ ಒಂದು ಮಾತಿಲ್ಲ."

ಅಜ್ಜ ಸಂಜೆತನಕ ಹೊರಸು ಬಡಿಯುತ್ತಲೇ ಇದ್ದ. ಆ ಸಪ್ಪಳಕ್ಕೆ ಶೇಖ್ರಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಮರುದಿನ ಸಾಲಿಯಲ್ಲಿ ಅವಳು ಲಂಗದ ಅಂಚು ತಿರುವಿ ತಿರುವಿ, ಕೊನೆಗೆ ಕೈ ಎತ್ತಿದಳು. "ಮಾಸ್ತರ ಸಾಹೇಬ್ರ, ಕರವಟ್ ಅಂದ್ರ ಏನ್ರಿ?"

"ಇಷ್ಟೂ ಬರೂದಿಲ್ಲೇನ ಇಕಿಗೆ," ಎಂದು ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ಯಾರಂದರು, ಯಾವಾಗ ಅಂದರು ಎಂದು ಕೇಳಿದರು. ಶೇಖ್ರಿ ಅಜ್ಜನ ಸುದ್ದಿ ಹೇಳಿದಳು.

ಮಾಸ್ತರರು ಟೋಪಿ ತೆಗೆದಿಟ್ಟು, ಎಲ್ಲರೂ ನೋಡುತ್ತಿದ್ದಂತೆ ಬೆಂಚಿನ ಮೇಲೆ ಎಡಮಗ್ಗಲಾಗಿ ಮಲಗಿದರು. ಆಮೇಲೆ ಬಲಕ್ಕೆ ಹೊರಳಿದರು. ಬೆಂಚು ಕಿರ್ ಅಂದಿತು.

"ಇದೇ ಕರವಟ್," ಎಂದರು. "ಓಡು."

ಸ್ಲೇಟನ್ನೂ ಬಿಟ್ಟು ಶೇಖ್ರಿ ಓಡಿದಳು. "ಮಗ್ಗಲಾ ಹೊಳ್ಳಸ್ಬೇಕಂತ! ಅಜ್ಜ ಅದನ್ನ ಕೇಳಾಕತ್ತಾನ!"

ಅಜ್ಜಿ, ಅವ್ವ ಕೂಡಿ ಅವನನ್ನು ಹೊರಳಿಸಿದರು. ಕೆಳಗಿದ್ದ ಮಗ್ಗಲಲ್ಲಿ ಹೊರಸಿನ ಹಗ್ಗದ ಗುರುತು ಕೆಂಪಗೆ ಮೂಡಿ, ಒಂದು ಕಡೆ ಚರ್ಮ ಸುಲಿದಿತ್ತು. ಅಜ್ಜ ಉದ್ದಕ್ಕೆ ಉಸಿರು ಬಿಟ್ಟು ನಿದ್ದೆಹೋದ.

ಸಂಜೆ ಅವನು ಎದ್ದಾಗ ಶೇಖ್ರಿ ಒಬ್ಬಳೇ ಹತ್ತಿರ ಕೂತಿದ್ದಳು. ಹೊಟ್ಟೆಯಲ್ಲಿ ಇದ್ದದ್ದನ್ನು ಹೇಳದೆ ಇರಲಾಗಲಿಲ್ಲ. ಅಜ್ಜನಿಗೆ ಕನ್ನಡ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯ ಬೇರೆ.

"ಅಜ್ಜಾ, ಮಜ್ಜಿಗಿ ಅಂತ ನಾ ಸುಳ್ಳು ಹೇಳಿದ್ನಿ."

ಅಜ್ಜನ ಅರ್ಧ ಬಾಯಿ ನಕ್ಕಿತು. ಎಡಗೈ ಮೆಲ್ಲಗೆ ಎದ್ದು ಬಂದು ಅವಳ ಕಿವಿ ಹಿಂಡಿತು.

ಶೇಖ್ರಿ ಕಿವಿ ಬಿಡಿಸಿಕೊಳ್ಳಲಿಲ್ಲ. ಹಾಗಾದರೆ ಅಜ್ಜನಿಗೆ ತಿಳಿಯುತ್ತದೆ. ಅವ್ವ ತಲೆ ಕೆಟ್ಟಿದೆ ಅಂದದ್ದು, ತಾಯತದ ಮಾತು, ಎಲ್ಲವನ್ನೂ ಅವನು ಮಲಗಿದಲ್ಲೇ ಕೇಳಿಸಿಕೊಂಡಿದ್ದಾನೆ. ಅವನ ಬಗ್ಗೆ ಎಲ್ಲರೂ ಮಾತಾಡಿದರು, ಅವನ ಕೂಡ ಯಾರೂ ಮಾತಾಡಲಿಲ್ಲ.

ಸಾಲಿಯಲ್ಲಿ ತನಗೂ ಹೀಗೇ ಆಗುತ್ತದಲ್ಲ ಎಂದುಕೊಂಡಳು. ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ.

ಅವಳು ಅಡುಗೆಮನೆಗೆ ಹೋದಳು. "ಅಜ್ಜೀ, ಅಜ್ಜಗ ನಾವು ಆಡೂದೆಲ್ಲ ತಿಳೀತೈತಿ. ಅವನ ಕನ್ನಡ ಎಲ್ಲೂ ಹೋಗಿಲ್ಲ. ಬಾಯಿಗೆ ಬರವಲ್ದು, ಅಷ್ಟ."

ಅಜ್ಜಿ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಹೋದಳು. ಹಿಟ್ಟಿನ ಕೈಯಲ್ಲೇ ಹೊರಸಿನ ಹತ್ತಿರ ಕೂತಳು.

"ಎಮ್ಮಿ ಕರ ಹಾಕೈತ್ರಿ," ಎಂದು ಶುರುಮಾಡಿದಳು. "ಮೊನ್ನೇನ ಹಾಕೈತಿ. ನಿಮಗ ಯಾರೂ ಹೇಳೇ ಇಲ್ಲ."

ರೊಟ್ಟಿ ಸೀಯುವ ವಾಸನೆ ಬಂತು. ಶೇಖ್ರಿ ಅಜ್ಜಿಯನ್ನು ಕರೆಯಲಿಲ್ಲ. ತಾನೇ ರೊಟ್ಟಿ ತಿರುವಿ ಹಾಕಿದಳು.