ಹಗಲಿಗೆ ಚಂದ್ರ ಹಚ್ಚಿದವನು

"ಮಧ್ಯಾಹ್ನ ತಗದ ಫೋಟೋಕ್ಕ ಚಂದ್ರ ಹಚ್ಚಾಕ ನಿಮಗ ಯಾರು ಹೇಳಿದ್ರು?"

ಮಿರಜದ ಫೋಟೋ ಸ್ಟುಡಿಯೋದ ಬಾಗಿಲಲ್ಲೇ ನಿಂತು ಋತುಜಾ ಕೇಳಿದಳು.

ಸ್ಟುಡಿಯೋದ ಮಾಲೀಕ ಭೂಷಣ ತಲೆ ಎತ್ತಿದ. ಋತುಜಾಳ ಅಕ್ಕನ ಮದುವೆಯಲ್ಲಿ ಕ್ಯಾಮೆರಾದ ಹಿಂದಿನಿಂದ ಅವಳನ್ನೇ ಹುಡುಕುತ್ತಿದ್ದ ಅದೇ ಕಣ್ಣು. ಆಗ ಅವಳಿಗೂ ಅದು ಹಿತವಾಗಿತ್ತು. ಈಗ ಮೈ ಉರಿಯಿತು.

"ನನ್ನ ಸ್ಟುಡಿಯೋದ ಜಾಹೀರಾತಿನ್ಯಾಗ ನನ್ನ ಮಾರಿಗೆ ಕತ್ತೆ ಕಿವಿ ಹಚ್ಚಿ ಊರಿಗೆಲ್ಲಾ ಹಂಚಿದವರು ನೀವೇ ಅಲ್ಲೇನ್ರಿ?" ಎಂದು ಅವನು ನಕ್ಕ.

"ಹೌದು. ಬಾಲ ಇನ್ನ ಉಳದೈತಿ."

ಹರಿಪುರದ ಹೊಳೆದಂಡೆಯಲ್ಲಿ ಖಾರದ ಚುರುಮುರಿ ಭಡಂಗ ತಿನ್ನುತ್ತಿದ್ದ ತನ್ನ ಫೋಟೋವನ್ನು ಅವಳು ಹಾಕಿದ್ದಳು. ಅವನು ಆಕಾಶವನ್ನು ಕಪ್ಪಾಗಿಸಿ, ಚಂದ್ರನನ್ನಿಟ್ಟು ಮತ್ತೆ ಹಂಚಿದ. ಯಾರೋ ಅದಕ್ಕೆ ಹಾಡು ಸೇರಿಸಿದರು. ಇನ್ಯಾರೋ 'ಚಾತುರ್ಮಾಸದ ವ್ರತ ನೋಡಿರಿ' ಎಂದು ಬರೆದು ಜೈನ ಸಮಾಜದ ಗ್ರೂಪಿಗೆ ಬಿಟ್ಟರು.

ಅವಳ ಅಜ್ಜಿ ಜಿನಮತಿ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದವರು. ಈ ಚಾತುರ್ಮಾಸಕ್ಕೆ ಋತುಜಾಳೂ ಮುನಿಗಳೆದುರು ಅದೇ ನಿಯಮ ಹಿಡಿದಿದ್ದಳು. ಫೋಟೋ ನೋಡಿದ ಅಜ್ಜಿ ಬೈಯಲಿಲ್ಲ. ಮೊಮ್ಮಗಳು ಬಡಿಸಿದ ತಾಟನ್ನು ಪಕ್ಕಕ್ಕೆ ಸರಿಸಿ, ನೆರೆಮನೆಯ ರೂಪಾಲಿಯನ್ನು ಕರೆದು ಅನ್ನ ಹಾಕಿಸಿಕೊಂಡರು. ತಾಯಿ ಇಲ್ಲದೆ ಆ ಕೈಗಳಲ್ಲೇ ಬೆಳೆದವಳಿಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನೀವೂ ಜೈನರ ಮನಿಯವರು. ನನಗ ರಾತ್ರಿ ಉಣಿಸಿದ್ರಲ್ಲ!"

"ನಾ ನಿಮ್ಮ ಮಾರಿ ಮ್ಯಾಗಿನ ಬೆಳಕಷ್ಟ ನೋಡಿದೆ. ಕೈಯಾಗ ತಿನ್ನೂದೈತಿ ಅನ್ನೂದ ಹೊಳೀಲಿಲ್ಲ. ತಗದ ಹಾಕೀನ್ರಿ."

"ನೀವು ತಗದ್ರ ಊರು ತಗೀತೈತೇನು? ನಮ್ಮೂರು ಬುಧಗಾಂವಕ್ಕ ಬಂದು ಅಜ್ಜಿ ಮುಂದ ಹೇಳ್ರಿ."

"ಗಾಡಿ ಮ್ಯಾಲೆ ಹೋಗೂಣು."

"ನಿಮ್ಮ ಹಿಂದ ಕುಂತ್ರ ಅದಕ್ಕೂ ಯಾರರ ಚಂದ್ರ ಹಚ್ತಾರ. ನಾ ಬಸ್ಸಿಗೆ ಬರ್ತೀನಿ."

ಸಂಜೆ ಇಬ್ಬರೂ ಬುಧಗಾಂವ ಮುಟ್ಟಿದಾಗ ಅಜ್ಜಿ ಮನೆಯ ಕಟ್ಟೆಯ ಮೇಲಿದ್ದರು. ಅವನು ಎರಡೂ ಫೋಟೋ ತೋರಿಸಿದ. ಅವರು ಮೊಬೈಲನ್ನು ದೂರ ತಳ್ಳಿದರು.

"ಎರಡೂ ಇದರಾಗಿನವೇ. ಖರೆ ಯಾವ್ದು ಅಂತ ನಾ ಹೆಂಗ ತಿಳೀಲಿ? ಬಾಯಿಲೆ ಹೇಳು."

"ತಡೀರಿ, ಗ್ರೂಪಿಗೂ ಬೇಕು," ಎಂದು ಋತುಜಾ ತನ್ನ ಮೊಬೈಲಿನಲ್ಲಿ ವಿಡಿಯೋ ಹಚ್ಚಿದಳು.

ಭೂಷಣ ಕೈಮುಗಿದ. "ಆಗ ಬಿಸಲಿತ್ತು, ಅಜ್ಜಿ. ಅದನ್ನ ರಾತ್ರಿ ಮಾಡಿದವ ನಾ. ತಪ್ಪು ನಂದು, ಅವರದಲ್ಲ."

"ಯಾಕ ಮಾಡ್ದಿ?"

ಅವನ ಕಿವಿ ಕೆಂಪಾಯಿತು. "ಬಿಸಲಾಗ ಅವರನ್ನ ಎಲ್ಲಾರೂ ನೋಡ್ತಾರ. ಯಾರೂ ನೋಡದ ಹೊತ್ತಿನ್ಯಾಗ ನಾ ಒಬ್ಬನೇ ನೋಡಬೇಕು ಅನಸ್ತು. ಮದುವಿ ದಿನದಿಂದ ಹಂಗ ಅನಸಾಕತ್ತೈತಿ."

ಋತುಜಾ ವಿಡಿಯೋ ನಿಲ್ಲಿಸಲಿಲ್ಲ.

"ಖೋಡಿ!" ಅಜ್ಜಿ ಗದರಿದರು. "ಒಬ್ಬನ ನೋಡಾಂವ ಊರಿಗೆ ಯಾಕ ತೋರಿಸ್ದಿ?"

ಅಜ್ಜಿ ಪಡುವಣಕ್ಕೆ ನೋಡಿದರು. ಬಿಸಿಲು ಇನ್ನೂ ಮಾಳಿಗೆಯ ಮೇಲಿತ್ತು.

"ಋತು, ನೀರು ತಾ. ನನಗ ತಾಟು ಮಾಡು."

ಅವಳು ಒಳಗೆ ಓಡಿದಳು. ಕಣ್ಣೊರೆಸಿಕೊಂಡದ್ದನ್ನು ಯಾರೂ ನೋಡಲಿಲ್ಲ.

ಮಿರಜ ಮುಟ್ಟುವ ಹೊತ್ತಿಗೆ ಭೂಷಣ ಗ್ರೂಪಿನಲ್ಲಿ ವಿಡಿಯೋ ಕಂಡ. 'ಅವರದಲ್ಲ' ಎಂಬಲ್ಲಿಗೆ ಅದು ಮುಗಿದಿತ್ತು.

"ನನ್ನ ಮಾತು ಅರ್ಧಾ ಕತ್ತರಿಸೀರಿ," ಎಂದು ಋತುಜಾಳಿಗೆ ಬರೆದ.

"ಉಳದದ್ದು ಊರಿಗೆ ಹೇಳಿದ್ದಲ್ಲ."

"ಸಿಟ್ಟು ಹೋತೇನ್ರಿ?"

"ಇಲ್ಲ," ಎಂದು ಉತ್ತರಿಸಿ ಋತುಜಾ, ಕತ್ತರಿಸಿಟ್ಟ ಆ ತುಣುಕನ್ನು ಮತ್ತೊಮ್ಮೆ ಕಿವಿಗೆ ಹಿಡಿದಳು.