ಕೊಸರಿಲ್ಲದ ಕಿಲೋ

ಭಾನುವಾರ ಬೆಳಿಗ್ಗೆ, ಸೀಬೆಹಣ್ಣಿನ ಚೀಲ ಕೈಗೆ ಕೊಡುತ್ತಾ, ಕಿವಿಯವರೆಗೂ ಕೆಂಪಾಗಿ, ಎಲಿಸಿಯೋ ಕೇಳಿಯೇಬಿಟ್ಟ. "ಟೀಚರ್, ನನ್ನ ಮದುವೆ ಆಗ್ತೀರಾ?"

ಯಾದಿರಾ ತಬ್ಬಿಬ್ಬಾದಳು. "ಬುಧವಾರ ಕ್ಲಾಸಿನ ಮಕ್ಕಳನ್ನ ಕರ್ಕೊಂಡು ಮಾರ್ಕೆಟ್ಟಿಗೆ ಬರ್ತೀನಲ್ಲ, ಆಗ ಹೇಳ್ತೀನಿ" ಎಂದವಳೇ ಚೀಲವನ್ನು ಎದೆಗವಚಿಕೊಂಡು ಓಡಿಬಂದಳು. ಓಡಿದ್ದು ಖುಷಿಗೆ. ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

ಮೆಕ್ಸಿಕೋದ ವಾಮಾಂತ್ಲಾ ಊರಿನ ಮಾರ್ಕೆಟ್ಟಿಗೆಲ್ಲ ಗೊತ್ತಿದ್ದ ಗುಟ್ಟು ಅದು. ತಾಯಿ ಮಗಳು ಇಬ್ಬರೇ ಇರುವ ಮನೆಗೆ ವಾರಕ್ಕೆ ಮೂರು ಸಲ ಸೀಬೆಹಣ್ಣು ಯಾಕೆ ಬೇಕು ಹೇಳಿ? ಎದುರು ಸೊಪ್ಪು ಮಾರುವ ಪೆತ್ರಜ್ಜಿ ಬಿಡುತ್ತಲೇ ಇರಲಿಲ್ಲ. "ಏನಮ್ಮಾ ಟೀಚರಮ್ಮ, ಮನೇಲಿ ಗಿಳಿ ಸಾಕಿದ್ದೀಯಾ?" ಎಂದು ಇಡೀ ಸಾಲಿಗೆ ಕೇಳಿಸುವಂತೆ ಕೂಗುತ್ತಿದ್ದಳು.

ಯಾದಿರಾ ಬರುತ್ತಿದ್ದದ್ದು ಹಣ್ಣಿಗಲ್ಲ, ಕೊಸರಿಗೆ. ತೂಗಿದ ಮೇಲೆ ಎಲಿಸಿಯೋ ಒಂದೆರಡು ಹಣ್ಣು ಆರಿಸುವನು. ಮೂಗಿನ ಹತ್ತಿರ ಹಿಡಿದು ಪರಿಮಳ ನೋಡುವನು. ಅವಳ ಕಣ್ಣನ್ನೇ ನೋಡುತ್ತಾ ಚೀಲಕ್ಕಿಳಿಸಿ, "ಇದು ಲೆಕ್ಕಕ್ಕಲ್ಲ ಟೀಚರ್, ಇದು ನನ್ನ ಕಡೆಯಿಂದ" ಅನ್ನುವನು. ಕೊಸರು ಎಲ್ಲರಿಗೂ ಹಾಕುತ್ತಿದ್ದ, ಅದು ಅಲ್ಲಿನ ವಾಡಿಕೆ. ಆದರೆ ಆ ನೋಟ ಎಲ್ಲರಿಗೂ ಇರಲಿಲ್ಲ.

ಭಾನುವಾರ ಸಂಜೆಯೇ ಗ್ರಹಚಾರ ಕೆಟ್ಟದ್ದು. ಆರನೇ ಕ್ಲಾಸಿಗೆ ಗ್ರಾಹಕರ ಹಕ್ಕುಗಳ ಪಾಠ ಮಾಡಬೇಕಿತ್ತು, ಅದಕ್ಕೆಂದು ಒಂದು ಅಡುಗೆಮನೆ ತಕ್ಕಡಿ ಕೊಂಡುತಂದಿದ್ದಳು. ಹೇಗಿದೆ ನೋಡೋಣವೆಂದು ಹಾಡು ಗುನುಗುತ್ತಾ ಬೆಳಿಗ್ಗೆ ತಂದ ಒಂದು ಕಿಲೋ ಸೀಬೆಹಣ್ಣಿನ ಚೀಲ ಇಟ್ಟಳು. ಮುಳ್ಳು ಕಿಲೋದ ಗೆರೆ ಮುಟ್ಟುವ ಮೊದಲೇ ನಿಂತುಬಿಟ್ಟಿತು. ತಕ್ಕಡಿಯೇ ಸುಳ್ಳಿರಬೇಕು ಅಂದುಕೊಂಡು ಒಂದು ಕಿಲೋ ಸಕ್ಕರೆಯ ಪೊಟ್ಟಣ ಇಟ್ಟು ನೋಡಿದಳು. ಅದು ಸರಿಯಾಗಿಯೇ ತೂಗಿತು.

ಯಾದಿರಾ ತಕ್ಕಡಿಯ ಮುಂದೆಯೇ ಕೂತುಬಿಟ್ಟಳು.

"ಯಾಕೇ ಹಾಗೆ ಕೂತೆ?" ಎಂದು ಅಮ್ಮ ಕೇಳಿದಳು.

"ಏನಿಲ್ಲಮ್ಮ."

ಅಮ್ಮನಿಗೆ ಏನಂತ ಹೇಳುವುದು? ಅಪ್ಪನೂ ಹೀಗೆಯೇ ಸಿಹಿಮಾತಿನವನು. ಯಾರು ಏನು ಕೇಳಿದರೂ ನಕ್ಕು ಮಾತು ಮರೆಸುತ್ತಿದ್ದ. ಪುಯೆಬ್ಲಾ ನಗರದಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆಯೆಂದು ತಿಳಿಯುವ ಹೊತ್ತಿಗೆ ಯಾದಿರಾಗೆ ಹತ್ತು ವರ್ಷ. ಆ ದಿನ ಅಮ್ಮ ಒಲೆಯ ಮುಂದೆ ಕುಸಿದು ಕೂತದ್ದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸೀಬೆಹಣ್ಣಿನಲ್ಲಿ ಮೋಸ ಮಾಡುವವನು ಬಾಳಿನಲ್ಲಿ ಮಾಡಲಾರನೇ?

ಹೋಗಿ ಕೇಳಬಹುದಿತ್ತು. ಕೇಳಲಿಲ್ಲ, ಭಯ. ಅವನೂ ಅಪ್ಪನ ಹಾಗೆಯೇ ನಕ್ಕುಬಿಟ್ಟರೆ?

ಮಂಗಳವಾರ ಅವಳು ಪಾಠ ಮಾಡಿದಳು. "ಬೆಲೆ ಕೇಳೋದು ನಿಮ್ಮ ಹಕ್ಕು. ತೂಕ ನೋಡೋದು ನಿಮ್ಮ ಹಕ್ಕು. ಕಮ್ಮಿ ಬಂದ್ರೆ ಅಲ್ಲೇ ಕೇಳ್ಬೇಕು."

ಮುಂದಿನ ಬೆಂಚಿನ ದುಲ್ಸೆ ಕೈ ಎತ್ತಿದಳು. ಮಹಾ ತರಲೆ ಹುಡುಗಿ. "ಟೀಚರ್, ಅಂಗಡಿಯವ್ರು ನಮಗೆ ಬೇಕಾದೋರಾದ್ರೆ?"

"ಬೇಕಾದೋರಾದ್ರೂ ಕೇಳ್ಬೇಕು" ಅಂದಳು ಯಾದಿರಾ, ಕಪ್ಪುಹಲಗೆಯ ಕಡೆ ಮುಖ ತಿರುಗಿಸಿ. "ನಾಚ್ಕೊಂಡು ಸುಮ್ನಿರಬಾರದು."

ಬುಧವಾರ ಮಕ್ಕಳನ್ನು ಬೇಳೆ ಅಂಗಡಿಗೆ, ಮೆಣಸಿನಕಾಯಿ ಅಂಗಡಿಗೆ, ಗಿಣ್ಣಿನವಳ ಹತ್ತಿರಕ್ಕೆಲ್ಲ ಕರೆದುಕೊಂಡು ಹೋದಳು. ಕೊಂಡದ್ದನ್ನೆಲ್ಲ ಗೇಟಿನ ಹತ್ತಿರ, ಗಿರಾಕಿಗಳಿಗೆಂದೇ ಪುರಸಭೆಯವರು ಇಟ್ಟ ತಕ್ಕಡಿಯಲ್ಲಿ ಮಕ್ಕಳು ತೂಗಿ ನೋಡಿದರು. ಹಣ್ಣಿನ ಸಾಲಿನ ತಿರುವು ಬಂದಾಗ ಮಾತ್ರ ಅವಳು ತಲೆ ತಗ್ಗಿಸಿ ಸರಸರನೆ ಮುಂದೆ ಹೋದಳು.

"ಟೀಚರ್, ಸೀಬೆಹಣ್ಣಿನ ಅಂಗಡಿ ಬಿಟ್ಟುಹೋಯ್ತು!" ದುಲ್ಸೆ ಕೂಗಿದಳು. ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಇವರಿಗೂ ಗೊತ್ತಾ? ದೇವರೇ. ವಿಧಿಯಿಲ್ಲದೆ ಅವಳು ಮಕ್ಕಳ ಜೊತೆ ಅಂಗಡಿಯ ಕಡೆ ತಿರುಗಿದಳು.

ಎಲಿಸಿಯೋ ಹೊಸ ಶರ್ಟು ಹಾಕಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಅವನ ಕಣ್ಣು ಮಕ್ಕಳ ತಲೆಗಳ ಮೇಲಿಂದ ಹಾದು ಅವಳನ್ನು ಹುಡುಕಿ, ಅವಳ ಮುಖದಲ್ಲಿ ಉತ್ತರವನ್ನು ಹುಡುಕಿತು. ಯಾದಿರಾ ಹಣ್ಣಿನ ರಾಶಿಯನ್ನು ನೋಡುತ್ತಾ ನಿಂತಳು. ಅವನ ನಗು ಮೆಲ್ಲಗೆ ಆರಿತು.

"ಬನ್ರಪ್ಪಾ, ಇಡೀ ಮೆಕ್ಸಿಕೋದಲ್ಲಿ ಹುಡುಕಿದ್ರೂ ಇಂಥ ಹಣ್ಣು ಸಿಗಲ್ಲ" ಎಂದ, ಎಂದಿನ ಜೋರಿಲ್ಲದೆ.

ತನ್ನ ಅಪ್ಪನ ಕಾಲದ ಸ್ಪ್ರಿಂಗ್ ತೂಗುತಕ್ಕಡಿಯಲ್ಲಿ ದುಲ್ಸೆಗೆ ಒಂದು ಕಿಲೋ ತೂಗಿದ. ಎರಡು ಹಣ್ಣು ಕೊಸರು ಹಾಕಿದ. ಮಕ್ಕಳು ಚೀಲ ಹಿಡಿದು ಗೇಟಿಗೆ ಓಡಿದರು. ಯಾದಿರಾ ಹಿಂದೆ ಹೋದಳು. ಮುಳ್ಳು ಏರಿತು, ಕಿಲೋದ ಗೆರೆ ದಾಟಿ ನಿಂತಿತು.

"ಸರಿಯಾಗಿದೆ!" ಮಕ್ಕಳು ಚಪ್ಪಾಳೆ ಹೊಡೆದರು. ಯಾದಿರಾಗೆ ಹೋದ ಜೀವ ಬಂದಂತಾಯಿತು.

"ತಾಳ್ರೋ, ತಾಳ್ರೋ. ಕೊಸರು ಅಂದ್ರೆ ಅವ್ರು ಇಷ್ಟಪಟ್ಟು ಕೊಟ್ಟಿದ್ದು. ಕಿಲೋ ಮಾತ್ರ ನಮ್ಮ ಹಕ್ಕು" ಎಂದು ದುಲ್ಸೆ ಚೀಲಕ್ಕೆ ಕೈ ಹಾಕಿ ಎರಡು ಹಣ್ಣು ತೆಗೆದಳು. ಮುಳ್ಳು ಗೆರೆಯಿಂದ ಕೆಳಗೆ ಜಾರಿತು.

ಗದ್ದಲ ನಿಂತದ್ದು ಕಂಡು ಎಲಿಸಿಯೋನೇ ಎದ್ದು ಬಂದ. ಈಗ ನಗುತ್ತಾನೆ, ಎಂದುಕೊಂಡಳು ಯಾದಿರಾ. ಈಗ ಅಪ್ಪನ ಹಾಗೆ ನಕ್ಕು ಏನೋ ಒಂದು ಕಥೆ ಕಟ್ಟುತ್ತಾನೆ. ಅವಳ ಬೆರಳುಗಳು ಸೆರಗಿನಂತೆ ಹೊದ್ದ ಶಾಲನ್ನು ಹಿಂಡುತ್ತಿದ್ದವು.

"ಮಾಮ, ನಿಮ್ಮ ಕಿಲೋ ಕಮ್ಮಿ ಇದೆ" ಅಂದಳು ದುಲ್ಸೆ.

ಎಲಿಸಿಯೋ ಮುಳ್ಳನ್ನು ನೋಡಿದ. ಅವನು ನಗಲಿಲ್ಲ.

"ಹೌದು ಪುಟ್ಟಿ. ತಕ್ಕಡಿ ಸ್ಪ್ರಿಂಗ್ ಸೋತಿದೆ ಅಂತ ನನಗೆ ಅನುಮಾನ ಇತ್ತು. ಹೆಂಗೂ ಕೊಸರು ಹಾಕ್ತೀನಲ್ಲ, ಸರಿಹೋಗುತ್ತೆ ಅಂತ ರಿಪೇರಿ ಮಾಡ್ಸಲಿಲ್ಲ. ತಪ್ಪು ನಂದೇ." ಆಮೇಲೆ ಯಾದಿರಾಳ ಕಡೆ ತಿರುಗಿದ. ಮುಖ ಬಿಳುಚಿಕೊಂಡಿತ್ತು. "ನಿಮ್ಮ ಉತ್ತರ ಏನೂಂತ ಗೊತ್ತಾಯ್ತು ಬಿಡಿ ಟೀಚರ್. ಮಕ್ಕಳ ಮುಂದೆ ಹೇಳೋದು ಬೇಡ."

"ನನಗೆ ಭಾನುವಾರವೇ ಗೊತ್ತಿತ್ತು" ಅಂದಳು ಯಾದಿರಾ. ಮಾತು ತಾನಾಗಿಯೇ ಬಂತು. "ಅವತ್ತಿನ ಚೀಲ ಮನೇಲಿ ತೂಗಿದ್ದೆ. ಕಮ್ಮಿ ಇತ್ತು."

"ಭಾನುವಾರ..." ಅವನು ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ! ಅವತ್ತು ಕೊಸರು ಹಾಕಿದ್ನಾ ನಾನು?"

ಯಾದಿರಾ ಯೋಚಿಸಿದಳು. ಆರಿಸಿದ್ದಿಲ್ಲ, ಪರಿಮಳ ನೋಡಿದ್ದಿಲ್ಲ. ಆ ಗಡಿಬಿಡಿಯಲ್ಲಿ ಅವಳಿಗೂ ನೆನಪಾಗಿರಲಿಲ್ಲ. "ಇಲ್ಲ."

"ಕೈ ನಡುಗ್ತಿತ್ತು ಟೀಚರ್. ಹೇಳ್ಬೇಕಾದ ಮಾತು ಒಂದೇ ತಲೇಲಿತ್ತು."

ದುಲ್ಸೆ ಸೊಂಟದ ಮೇಲೆ ಕೈಯಿಟ್ಟಳು. "ಟೀಚರ್, ನೀವು ಅವತ್ತೇ ಬಂದು ಕೇಳ್ಬೇಕಿತ್ತು. ನಮಗೆ ಮಾತ್ರ ಪಾಠನಾ?"

"ಕೇಳ್ಬೇಕಿತ್ತು. ಹೆದರ್ಕೊಂಡುಬಿಟ್ಟೆ ಕಣೇ. ಇವ್ರು ಸುಳ್ಳು ಹೇಳಿಬಿಟ್ರೆ ಅಂತ."

ಎಲಿಸಿಯೋ ಅಂಗಡಿಗೆ ಹೋಗಿ ತನ್ನ ಅಪ್ಪನ ತಕ್ಕಡಿಯನ್ನು ಕೊಕ್ಕೆಯಿಂದ ಇಳಿಸಿದ. ಎಲ್ಲರೂ ಹಿಂದೆಯೇ ಬಂದು ನೋಡುತ್ತಿದ್ದರು. ಪೆತ್ರಜ್ಜಿಯ ತಕ್ಕಡಿ ಕೇಳಿ ತಂದು ಮೊದಲು ದುಲ್ಸೆಯ ಚೀಲ ತುಂಬಿಸಿದ. ಆಮೇಲೆ ಭಾನುವಾರ ಕಡಿಮೆಯಾದಷ್ಟು ತೂಗಿ, ಒಂದು ಚೀಲಕ್ಕೆ ಹಾಕಿ ಯಾದಿರಾಳ ಮುಂದೆ ಹಿಡಿದ.

"ಇದು ನಿಮ್ಮ ಹಕ್ಕು."

ಅವಳು ತೆಗೆದುಕೊಂಡಳು. ಆದರೆ ಕದಲಲಿಲ್ಲ, ಚೀಲದ ಬಾಯಿ ಹಾಗೆಯೇ ತೆರೆದು ಹಿಡಿದು ನಿಂತಳು.

"ಇನ್ನೇನು ಟೀಚರ್?"

"ಕೊಸರು?"

ಅವನು ಅವಳ ಮುಖವನ್ನೇ ನೋಡಿದ. ರಾಶಿಯಿಂದ ಒಂದು ಹಣ್ಣು ಆರಿಸಿದ, ಮೂಗಿನ ಹತ್ತಿರ ಹಿಡಿದ. ಹಣ್ಣು ಹಿಡಿದ ಆ ಕೈಯನ್ನು ಯಾದಿರಾ ತಡೆದಳು.

"ಇಲ್ಲಿ ಬೇಡ. ಸಂಜೆ ಮನೆಗೆ ನೀನೇ ತಗೊಂಡು ಬಾ" ಅಂದಳು. ನೀನು ಅಂದದ್ದು ಅದೇ ಮೊದಲು. "ಅಮ್ಮ ಏನೇನೋ ಕೇಳ್ತಾಳೆ. ಏನು ಕೇಳಿದ್ರೂ ಈಗ ಹೇಳ್ದಂಗೆ ನಿಜ ಹೇಳು."

"ಹೊಡೀತಾರಾ?"

"ಹೊಡೆದ್ರೂ ಹೊಡೀಬಹುದು."

"ಸದ್ಯ, ಗಿಳಿ ಯಾವ್ದು ಅಂತ ಗೊತ್ತಾಯ್ತು!" ಎದುರಿನಿಂದ ಪೆತ್ರಜ್ಜಿ ಕೂಗಿದಳು. ಮಕ್ಕಳು ಹೋ ಎಂದು ಕುಣಿದರು. ಯಾದಿರಾಳ ಎದೆ ಇನ್ನೂ ಡವಡವ ಹೊಡೆದುಕೊಳ್ಳುತ್ತಿತ್ತು. ಆದರೆ ಈ ಸಲ ಅವಳು ಓಡಿಹೋಗಲಿಲ್ಲ.